1,200 ಅಡಿ ಕೊರೆದರೂ ಬರೀ ಧೂಳು

ನಿನ್ನೆ ರಾತ್ರಿ ಪಕ್ಕದ ಸೈಟಿಗೆ ಮತ್ತೆ ಬೋರ್‌ವೆಲ್ ಲಾರಿ ಬಂತು. ಬೆಳಗಿನ ಜಾವದವರೆಗೂ ಕಂಪ್ರೆಸರ್ ಗದ್ದಲ, ಕಿಟಕಿ ಗಾಜೆಲ್ಲ ಅದುರುತ್ತಿತ್ತು. ಎದ್ದು ನೋಡಿದರೆ ತುಳಸಿ ಎಲೆಗಳ ಮೇಲೆ ಬೂದಿಯಂಥ ಕಲ್ಲುಪುಡಿ, ಬೆರಳಲ್ಲಿ ಉಜ್ಜಿದರೂ ಹೋಗಲ್ಲ. 1,200 ಅಡಿ ಇಳಿಸಿದ್ದಾರೆ, ಹನಿ ನೀರಿಲ್ಲ.

ನಿದ್ದೆ ಕೆಟ್ಟಿದ್ದು ಹಾಳಾಗಲಿ. ನಮ್ಮ ಕೋಲಾರದ ಕಡೆ ಕಾಲ ಕೆಳಗಿರೋದು ಗಟ್ಟಿ ಬಂಡೆ. ನೀರು ನಿಲ್ಲೋದು ಮೇಲಿನ ಸಡಿಲ ಪದರದಲ್ಲಿ, ಕಲ್ಲಿನ ಬಿರುಕುಗಳಲ್ಲಿ ಅಷ್ಟೇ. ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಬಿರುಕೂ ಕಮ್ಮಿ. ಅಲ್ಲೊಂದು ಸಿಕ್ಕರೂ ಅದು ಪಕ್ಕದವನ ಬೋರಿಗೆ ಹೋಗುತ್ತಿದ್ದ ನೀರೇ ಆಗಿರಬಹುದು. ಕಲ್ಲಿನಿಂದ ನೀರಿಗೆ ಸೇರೋ ಫ್ಲೋರೈಡ್ ಕಾಟ ಬೇರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟಬಹುದು, ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಮಂಡಿ ಹಿಡಿಯಬಹುದು.

ನಮ್ಮಜ್ಜಿ ಹಿತ್ತಲ ಬಾವಿಯಲ್ಲಿ ಹಗ್ಗ ಬಿಟ್ಟು ನೀರು ಸೇದುತ್ತಿದ್ದರು. ಆ ಬಾವಿಗೆ ಜೀವ ಕೊಟ್ಟಿದ್ದು ಊರ ಕೆರೆ. ಈಗ ಕೆರೆಗೆ ನೀರು ತರೋ ಕಾಲುವೆ ಮೇಲೆ ಲೇಔಟ್. ಮಳೆಯೂ ಈಗೀಗ ಒಂದೇ ಗಂಟೆಯಲ್ಲಿ ಧೋ ಅಂತ ಸುರಿದು ಚರಂಡಿ ಪಾಲಾಗುತ್ತೆ. ನೆಲಕ್ಕೆ ಇಂಗೋದಕ್ಕೆ ಪುರುಸೊತ್ತಿಲ್ಲ, ಇದ್ದ ಅಂಗಳಕ್ಕೂ ಕಾಂಕ್ರೀಟ್.

"ಅಣ್ಣಾ, ಆ ದುಡ್ಡಲ್ಲಿ ಒಂದು ಇಂಗುಗುಂಡಿ ಮಾಡಿಸಿ, ಚಾವಣಿ ನೀರನ್ನ ಅದಕ್ಕೆ ಬಿಡಿ" ಅಂತ ಸೈಟಿನವರನ್ನ ಕೈಮುಗಿದು ಕೇಳಿದೆ. ಮುಂದಿನ ವಾರ ಇನ್ನೊಂದು ಪಾಯಿಂಟ್ ನೋಡಿಸ್ತಾರಂತೆ.