ಅಥೆನ್ಸ್, ಸ್ಪಾರ್ಟಾ ಆಮೇಲೆ. ಮೊದಲು ಪ್ಲಟೀಯ

ಗ್ರೀಕರ ಯುದ್ಧಗಳ ಮಾತು ಬಂದರೆ ನಮ್ಮಲ್ಲಿ ಎರಡೇ ಪಾರ್ಟಿ. ಒಂದು ಸ್ಪಾರ್ಟಾ ಪಾರ್ಟಿ. ಕೆಂಪು ಮೇಲಂಗಿ, ಕಂಚಿನ ಗುರಾಣಿ, ಜಿಮ್ ಗೋಡೆ ಮೇಲೆ ಬರೆಸೋಕೆ ಚೆನ್ನಾಗಿರೋ ಡೈಲಾಗು. ಇನ್ನೊಂದು ಅಥೆನ್ಸ್ ಪಾರ್ಟಿ. ಪ್ರಜಾಪ್ರಭುತ್ವ, ನಾಟಕ, ಸಾಕ್ರಟೀಸ್. ಯಾರು ಮೇಲು ಅನ್ನೋ ವಾದ ಮುಗಿಯೋದೇ ಇಲ್ಲ.

ನನ್ನ ತಕರಾರು ಬೇರೆ. ಸಾವಿರಕ್ಕೂ ಜಾಸ್ತಿ ನಗರರಾಜ್ಯಗಳಿದ್ದ ಲೋಕ ಅದು. ಅದನ್ನ ಎರಡೇ ಹೆಸರಿಗೆ ಇಳಿಸಿಬಿಟ್ಟರೆ ಆ ಜನ ಯಾಕೆ ಹಾಗೆ ಕಚ್ಚಾಡಿದರು ಅಂತ ಅರ್ಥವೇ ಆಗಲ್ಲ. ನನ್ನ ಪ್ರಕಾರ ಅಲ್ಲಿನ ಆಳವಾದ ದ್ವೇಷ ದೂರದ ದೊಡ್ಡ ಊರಿನ ಮೇಲಿರಲಿಲ್ಲ, ಪಕ್ಕದ ಊರಿನ ಮೇಲಿತ್ತು. ದೊಡ್ಡವರು ಆ ದ್ವೇಷವನ್ನ ತಮ್ಮ ಲೆಕ್ಕಕ್ಕೆ ಬಳಸಿಕೊಂಡರು. ಚಿಕ್ಕವರೂ ದೊಡ್ಡವರನ್ನ ಬಳಸಿಕೊಳ್ಳೋಕೆ ಹೋದರು. ಅಲ್ಲೇ ಮುಳುಗಿದರು.

ಪ್ಲಟೀಯ ಅನ್ನೋ ಊರನ್ನೇ ತಗೊಳ್ಳಿ. ಕಿಥೈರಾನ್ ಬೆಟ್ಟದ ಬುಡದಲ್ಲಿದ್ದ ಪುಟ್ಟ ಊರು. ಸುಮಾರು 13 ಕಿಲೋಮೀಟರ್ ದೂರದಲ್ಲಿ ಥೀಬ್ಸ್. ಮಧ್ಯದಲ್ಲಿ ಅಸೋಪಸ್ ಹೊಳೆ. ಬಿಯೋಷಿಯಾ ಸೀಮೆಯ ಊರುಗಳೆಲ್ಲ ತನ್ನ ಕೂಟದಲ್ಲಿರಬೇಕು ಅಂತ ಥೀಬ್ಸಿನ ಹಟ. ನಾವು ಬರಲ್ಲ ಅಂತ ಪ್ಲಟೀಯದ ಹಟ.

ಥೀಬ್ಸಿನ ಕಾಟ ತಡೆಯಲಾರದೆ ಕ್ರಿ.ಪೂ. 519ರ ಹೊತ್ತಿಗೆ ಪ್ಲಟೀಯದವರು ಆಗ ಆ ಸೀಮೆಯ ಕಡೆ ಬಂದಿದ್ದ ಸ್ಪಾರ್ಟಾದ ರಾಜ ಕ್ಲಿಯೊಮಿನೀಸ್ ಹತ್ತಿರ ಹೋದರು. ನಮ್ಮನ್ನ ನಿಮ್ಮವರು ಅಂತ ಸೇರಿಸಿಕೊಳ್ಳಿ ಅಂದರು. ಸ್ಪಾರ್ಟಾದವರು ಕೊಟ್ಟ ಉತ್ತರ ಬಹಳ ನಯವಾಗಿತ್ತು. ನಾವು ತುಂಬಾ ದೂರ, ನಿಮ್ಮನ್ನ ಯಾರಾದರೂ ಹಿಡಿದು ಗುಲಾಮರನ್ನಾಗಿ ಮಾಡಿದರೂ ನಮಗೆ ಸುದ್ದಿ ಮುಟ್ಟೋದು ತಡ, ಅಥೆನ್ಸ್ ಪಕ್ಕದಲ್ಲೇ ಇದೆಯಲ್ಲ, ಅವರನ್ನ ಕೇಳಿ. ಒಳ್ಳೇ ಬುದ್ಧಿಮಾತು ಅನಿಸುತ್ತೆ ಅಲ್ವಾ? ಆದರೆ ಇದನ್ನ ಬರೆದಿಟ್ಟ ಹೆರೊಡೊಟಸ್ ಅಲ್ಲೇ ಸೇರಿಸುತ್ತಾನೆ: ಇದು ಪ್ಲಟೀಯದ ಮೇಲಿನ ಪ್ರೀತಿಯಿಂದ ಅಂದ ಮಾತಲ್ಲ, ಅಥೆನ್ಸಿಗೆ ಥೀಬ್ಸ್ ಕಡೆಯಿಂದ ತಲೆನೋವು ಬರಲಿ ಅಂತ.

ಪ್ಲಟೀಯದವರು ಅಥೆನ್ಸಿಗೆ ಹೋಗಿ ಹನ್ನೆರಡು ದೇವರ ಬಲಿಪೀಠದ ಹತ್ತಿರ ಶರಣಾರ್ಥಿಗಳಾಗಿ ಕೂತರು. ಅಥೆನ್ಸ್ ಕೈಹಿಡಿಯಿತು. ಥೀಬ್ಸ್ ದಂಡೆತ್ತಿ ಬಂತು, ಸೋತಿತು. ಇನ್ನು ಮುಂದೆ ಅಸೋಪಸ್ ಹೊಳೆಯೇ ಗಡಿ ಅಂತ ಆಯಿತು. ಮುಂದಿನ ಇನ್ನೂರು ವರ್ಷದ ರಕ್ತಪಾತಕ್ಕೆ ಮೂಲ ಈ ಗಡಿ ಜಗಳ.

ಪ್ಲಟೀಯ ಋಣ ತೀರಿಸಲಿಲ್ಲ ಅನ್ನೋ ಹಾಗಿಲ್ಲ. 490ರಲ್ಲಿ ಪರ್ಷಿಯನ್ನರು ಮ್ಯಾರಥಾನ್‌ಗೆ ಬಂದಿಳಿದಾಗ ಅಥೆನ್ಸಿನ ಜೊತೆ ನಿಂತು ಕಾದಿದ್ದು ಇದೊಂದೇ ಊರು. ಸ್ಪಾರ್ಟಾದವರು ಹುಣ್ಣಿಮೆ ಕಳೆಯಲಿ ಅಂತ ಕಾದು, ಎಲ್ಲ ಮುಗಿದ ಮೇಲೆ ಬಂದು ಹೆಣ ನೋಡಿಕೊಂಡು ಹೋದರು. 479ರಲ್ಲಿ ಗ್ರೀಸ್ ನೆಲದಲ್ಲಿ ಪರ್ಷಿಯನ್ನರ ನಿರ್ಣಾಯಕ ಸೋಲು ಆಗಿದ್ದೂ ಇದೇ ಪ್ಲಟೀಯದ ಬಯಲಲ್ಲಿ. ಆವತ್ತು ಥೀಬ್ಸ್ ಪರ್ಷಿಯನ್ನರ ಕಡೆ ನಿಂತಿತ್ತು. ಗೆದ್ದ ಮೇಲೆ ಸ್ಪಾರ್ಟಾದ ಸೇನಾಪತಿ ಪೌಸೇನಿಯಸ್ ಊರಿನ ಸಂತೆ ಚೌಕದಲ್ಲೇ ದೇವರಿಗೆ ಬಲಿ ಕೊಟ್ಟ. ಪ್ಲಟೀಯ ಸ್ವತಂತ್ರ, ಇದರ ಮೇಲೆ ಯಾರೂ ಅನ್ಯಾಯವಾಗಿ ದಂಡೆತ್ತಿ ಬರಬಾರದು, ಬಂದರೆ ನಾವೆಲ್ಲ ಸೇರಿ ಕಾಯಬೇಕು ಅಂತ ಮಿತ್ರರೆಲ್ಲರ ಕೈಲಿ ಆಣೆ ಹಾಕಿಸಿದ. ಈ ಆಣೆ ನೆನಪಿಟ್ಟುಕೊಳ್ಳಿ.

ಈಗ 431ಕ್ಕೆ ಬನ್ನಿ. ಅಥೆನ್ಸ್, ಸ್ಪಾರ್ಟಾ ನಡುವೆ 30 ವರ್ಷದ ಶಾಂತಿ ಒಪ್ಪಂದ ಇನ್ನೂ ಕಾಗದದ ಮೇಲಿತ್ತು. ಕಾರ್ಸೈರಾ, ಪೊಟಿಡಿಯಾ ಅನ್ನೋ ಊರುಗಳ ವಿಚಾರಕ್ಕೆ ಒಂದರ ಹಿಂದೆ ಒಂದು ಗಲಾಟೆ ಆಗಿ ಎಲ್ಲರೂ ಹಲ್ಲು ಕಡಿಯುತ್ತಾ ಕೂತಿದ್ದರು. ಯುದ್ಧ ಬರೋದು ಖಚಿತ ಅಂತ ಥೀಬ್ಸಿಗೆ ಗೊತ್ತಾಯಿತು. ಅದು ಶುರುವಾಗೋ ಮೊದಲೇ ಹಳೇ ಬಾಕಿ ತೀರಿಸಿಕೊಳ್ಳೋಣ ಅಂತ ಮುನ್ನೂರಕ್ಕೂ ಸ್ವಲ್ಪ ಜಾಸ್ತಿ ಜನ ರಾತ್ರೋರಾತ್ರಿ ಪ್ಲಟೀಯಕ್ಕೆ ನುಗ್ಗಿದರು. ಬಾಗಿಲು ತೆಗೆದುಕೊಟ್ಟವನು ಊರಿನವನೇ, ನಾಕ್ಲೈಡೀಸ್ ಅಂತ. ಎದುರು ಪಕ್ಷದವರನ್ನ ಮುಗಿಸಿ ಊರನ್ನ ಕೈಗೆ ತಗೊಳ್ಳೋ ಆಸೆ ಅವನಿಗೂ ಅವನ ಗುಂಪಿಗೂ.

ಆ ರಾತ್ರಿಯನ್ನ ಆ ಕಾಲದ ಇತಿಹಾಸಕಾರ ಥುಸಿಡಿಡೀಸ್ ವಿವರವಾಗಿ ಬರೆದಿದ್ದಾನೆ. ಊರಿನವರು ಮೊದಲು ಹೆದರಿ ಮಾತುಕತೆಗೆ ಒಪ್ಪಿದರು. ಆಮೇಲೆ ನೋಡಿದರೆ ಬಂದವರು ಇಷ್ಟೇ ಜನ! ಬೀದಿಗೆ ಇಳಿದರೆ ಕಾಣುತ್ತೆ ಅಂತ ಮನೆಯಿಂದ ಮನೆಗೆ ಗೋಡೆ ಕೊರೆದುಕೊಂಡು ಒಂದೆಡೆ ಸೇರಿದರು. ಗಾಡಿಗಳನ್ನ ಎಳೆದು ಬೀದಿಗೆ ಅಡ್ಡ ಇಟ್ಟರು. ಬೆಳಕು ಹರಿಯೋ ಮೊದಲು ಮೇಲೆ ಬಿದ್ದರು. ಹೆಂಗಸರು, ಆಳುಗಳು ಮಾಡಿನ ಮೇಲಿಂದ ಕಲ್ಲು, ಹೆಂಚು ಎಸೆದರು. ರಾತ್ರಿಯಿಡೀ ಮಳೆ, ಕಾಲಡಿ ಕೆಸರು, ಬಂದವರಿಗೆ ಗೊತ್ತಿಲ್ಲದ ಗಲ್ಲಿಗಳು. ತೆರೆದಿದ್ದ ಒಂದೇ ಹೆಬ್ಬಾಗಿಲನ್ನ ಯಾರೋ ಒಬ್ಬ ಭರ್ಜಿಯ ತುದಿಯನ್ನೇ ಅಗುಳಿ ಮಾಡಿ ಜಡಿದುಬಿಟ್ಟ. ಓಡಿದವರಲ್ಲಿ ಒಂದು ದೊಡ್ಡ ಗುಂಪು ಇದೇ ಊರ ಬಾಗಿಲು ಅಂದುಕೊಂಡು ಒಂದು ಕಟ್ಟಡದ ಒಳಗೇ ನುಗ್ಗಿ ಸಿಕ್ಕಿಬಿತ್ತು. ಸಹಾಯಕ್ಕೆ ಬರಬೇಕಿದ್ದ ಥೀಬ್ಸಿನ ದಂಡು ತುಂಬಿ ಹರಿಯುತ್ತಿದ್ದ ಅಸೋಪಸ್ ದಾಟೋಕೆ ಒದ್ದಾಡಿ ತಡವಾಗಿ ಮುಟ್ಟಿತು.

ಇಲ್ಲಿವರೆಗೂ ನಾವು ಪ್ಲಟೀಯದ ಕಡೆ. ಮುಂದಿನದು ಕೇಳಿ. ಸೆರೆ ಸಿಕ್ಕಿದ್ದು 180 ಜನ. ಅಷ್ಟೂ ಜನರನ್ನ ಕೊಂದುಹಾಕಿದರು. ನೀವು ಹಿಂದೆ ಹೋದರೆ ಸೆರೆಯವರನ್ನ ಬಿಡ್ತೀವಿ ಅಂತ ಆಣೆ ಮಾಡಿದ್ದರು ಅಂತ ಥೀಬ್ಸಿನವರ ದೂರು. ನಾವು ಹಾಗೆ ಆಣೆ ಮಾಡೇ ಇಲ್ಲ ಅಂತ ಇವರು. ನಾವು ಹೇಳೋವರೆಗೂ ಅವರಿಗೆ ಏನೂ ಮಾಡಬೇಡಿ ಅಂತ ಅಥೆನ್ಸಿನಿಂದ ದೂತ ಓಡಿ ಬಂದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಕೇಡು ಅಂತೀವಲ್ಲ. ಇಲ್ಲಿ ಗಿಡಗಳೇ ಕಿತ್ತಾಡಿ ಕೋಣಗಳನ್ನ ಕರೆದುಕೊಂಡು ಬಂದವು. ಶಾಂತಿ ಒಪ್ಪಂದ ಮುರಿಯಿತು ಅಂತ ಎರಡೂ ಕಡೆ ಗೊತ್ತಾಗಿದ್ದು ಈ ರಾತ್ರಿಯಿಂದ. ಥುಸಿಡಿಡೀಸ್ ಯುದ್ಧದ ಕಥೆ ಶುರು ಮಾಡೋದೂ ಇಲ್ಲಿಂದಲೇ.

ಅಥೆನ್ಸ್ ಆ ಊರಿನ ಹೆಂಗಸರು, ಮಕ್ಕಳು, ಮುದುಕರನ್ನ ತನ್ನ ಹತ್ತಿರ ಕರೆಸಿಕೊಂಡಿತು. ಉಳಿದವರು 400 ಪ್ಲಟೀಯದ ಗಂಡಸರು, 80 ಅಥೆನ್ಸಿನವರು, ಅಡುಗೆಗೆ 110 ಹೆಂಗಸರು. 429ರಲ್ಲಿ ಸ್ಪಾರ್ಟಾದ ರಾಜ ಆರ್ಕಿಡಾಮಸ್ ದಂಡು ತಂದ. ಊರಿನವರು ಪೌಸೇನಿಯಸ್ ಹಾಕಿಸಿದ ಆಣೆ ನೆನಪಿಸಿದರು. ಆರ್ಕಿಡಾಮಸ್ ಒಂದು ಪ್ರಸ್ತಾಪ ಮುಂದಿಟ್ಟ. ಅದು ನಿಜಕ್ಕೂ ವಿಚಿತ್ರವಾದದ್ದು. ಯಾರ ಕಡೆಗೂ ಸೇರಬೇಡಿ. ಭಯ ಇದ್ದರೆ ಊರು ನಮ್ಮ ವಶಕ್ಕೆ ಕೊಡಿ. ಗಡಿ ತೋರಿಸಿ, ಮರಗಳನ್ನ ಎಣಿಸಿ ಕೊಡಿ, ಎಣಿಸೋಕೆ ಆಗೋದನ್ನೆಲ್ಲ ಎಣಿಸಿ ಕೊಡಿ. ಯುದ್ಧ ಮುಗಿಯೋವರೆಗೂ ಎಲ್ಲಿಗಾದರೂ ಹೋಗಿ. ಅಲ್ಲಿವರೆಗೆ ನಾವೇ ಉತ್ತು ಬಿತ್ತು ನಿಮ್ಮ ಜೀವನಕ್ಕೆ ಆಗುವಷ್ಟು ಕೊಡ್ತೀವಿ, ಆಮೇಲೆ ಎಲ್ಲ ವಾಪಸ್.

ಒಪ್ಪಿದ್ದರೆ ಏನಾಗುತ್ತಿತ್ತೋ. ಪ್ಲಟೀಯ ಅಥೆನ್ಸನ್ನ ಕೇಳಿಬರ್ತೀವಿ ಅಂತು. ಹೆಂಡತಿ ಮಕ್ಕಳು ಇರೋದು ಅಲ್ಲಿ, ಕೇಳದೆ ಏನು ಮಾಡ್ತಾರೆ? ಅಥೆನ್ಸಿನ ಉತ್ತರ: ನಿಮ್ಮ ಕೈ ಯಾವತ್ತೂ ಬಿಟ್ಟಿಲ್ಲ, ಈಗಲೂ ಬಿಡಲ್ಲ, ನಮ್ಮ ಶಕ್ತಿ ಇರೋಷ್ಟು ಸಹಾಯ ಮಾಡ್ತೀವಿ, ಗಟ್ಟಿಯಾಗಿ ನಿಲ್ಲಿ.

ಆ ಸಹಾಯ ಬರಲೇ ಇಲ್ಲ. ಪ್ರಜಾಪ್ರಭುತ್ವದ ತವರು ಅಂತ ಎದೆ ತಟ್ಟಿಕೊಳ್ಳೋರು ಈ ಪುಟವನ್ನ ಸುಮ್ನೆ ದಾಟಿಸಿ ಹೋಗ್ತಾರೆ. ನನಗೆ ಅಥೆನ್ಸಿನ ಮೇಲೆ ಅತಿ ಹೆಚ್ಚು ಸಿಟ್ಟು ಬರೋದು ಮೆಲೋಸ್ ದ್ವೀಪದ ಹತ್ಯಾಕಾಂಡಕ್ಕಿಂತ ಈ ಸುಳ್ಳು ಭರವಸೆಗೆ. ಮೆಲೋಸಿನಲ್ಲಿ ಶತ್ರುವನ್ನ ಕೊಂದರು. ಇಲ್ಲಿ ಮ್ಯಾರಥಾನಿನ ಗೆಳೆಯನನ್ನ ಬರಿ ಮಾತಿನಲ್ಲಿ ಕಟ್ಟಿಹಾಕಿದರು.

ಸ್ಪಾರ್ಟಾ ಪಾರ್ಟಿಯವರಿಗೂ ಒಂದು ಮಾತು. ಲೋಕದ ಮಹಾ ಸೈನ್ಯ ಅಂತೀರಲ್ಲ, ಆ ಸೈನ್ಯ ಮತ್ತು ಅದರ ಮಿತ್ರರಿಗೆ 480 ಗಂಡಸರಿದ್ದ ಊರು ಹಿಡಿಯೋಕೆ ಎರಡು ವರ್ಷ ಬೇಕಾಯಿತು. ಕಿಥೈರಾನ್‌ನಿಂದ ಮರ ಕಡಿದು ತಂದು ಪಾಳಿಯ ಮೇಲೆ ಹಗಲೂ ರಾತ್ರಿ ಗೋಡೆಗೆ ಮಣ್ಣಿನ ದಿಬ್ಬ ಕಟ್ಟಿದರು. ಒಳಗಿದ್ದವರು ಗೋಡೆ ಎತ್ತರಿಸಿದರು, ಕೆಳಗಿಂದ ಸುರಂಗ ತೋಡಿ ದಿಬ್ಬದ ಮಣ್ಣನ್ನೇ ಕದ್ದರು. ಗೋಡೆ ಕುಟ್ಟೋ ಯಂತ್ರದ ಮೂತಿ ಮೇಲೆ ಸರಪಳಿ ಕಟ್ಟಿದ ತೊಲೆ ಬಿಟ್ಟು ಮುರಿದರು. ಗಂಧಕ, ರಾಳ ಹಾಕಿ ಬೆಂಕಿ ಇಟ್ಟರೂ ಊರು ಬೀಳಲಿಲ್ಲ. ಕೊನೆಗೆ ಊರ ಸುತ್ತ ಎರಡು ಗೋಡೆ ಎಬ್ಬಿಸಿ, ಕಾವಲಿಟ್ಟು, ಹಸಿವಿಗೆ ಬಿಟ್ಟರು.

428ರ ಚಳಿಗಾಲ. ಅನ್ನ ಮುಗೀತಾ ಬಂತು. ತಪ್ಪಿಸಿಕೊಳ್ಳೋ ಯೋಚನೆ ಹುಟ್ಟಿತು. ಏಣಿ ಬೇಕು, ಆದರೆ ಶತ್ರುವಿನ ಗೋಡೆಯ ಎತ್ತರ ಗೊತ್ತಿಲ್ಲ. ಗೋಡೆಯ ಒಂದು ಕಡೆ ಗಿಲಾವು ಮಾಡಿರಲಿಲ್ಲ, ಇಟ್ಟಿಗೆ ಕಾಣುತ್ತಿತ್ತು. ಸಾಲು ಎಣಿಸಿದರು. ಒಬ್ಬ ತಪ್ಪಬಹುದು ಅಂತ ಹಲವರು ಎಣಿಸಿದರು, ಮತ್ತೆ ಮತ್ತೆ ಎಣಿಸಿದರು. ಇಟ್ಟಿಗೆಯ ದಪ್ಪದಿಂದ ಲೆಕ್ಕ ಹಾಕಿ ಏಣಿ ಮಾಡಿದರು. ಚಂದ್ರ ಇಲ್ಲದ, ಗಾಳಿ ಮಳೆಯ ರಾತ್ರಿ ಹೊರಟರು. ಆಯುಧ ಆಯುಧಕ್ಕೆ ತಾಗಿ ಸದ್ದಾಗದ ಹಾಗೆ ಒಬ್ಬರಿಂದೊಬ್ಬರು ದೂರ ದೂರ. ಕೆಸರಲ್ಲಿ ಜಾರಬಾರದು ಅಂತ ಎಡಗಾಲಿಗೆ ಮಾತ್ರ ಪಾದರಕ್ಷೆ. ಯಾರದೋ ಕೈ ತಾಗಿ ಒಂದು ಹೆಂಚು ಬಿತ್ತು. ಕಾವಲಿನವರು ಕೂಗೆಬ್ಬಿಸಿದರು. ಥೀಬ್ಸಿಗೆ ಬೆಂಕಿಯ ಸಂಕೇತ ಹೋಗುತ್ತೆ ಅಂತ ಗೊತ್ತಿದ್ದ ಒಳಗಿನವರು ತಮ್ಮ ಗೋಡೆ ಮೇಲೂ ಪಂಜು ಹಚ್ಚಿ ಸಂಕೇತವನ್ನೇ ಗೊಂದಲ ಮಾಡಿದರು. ಪಾರಾದವರು ಮೊದಲು ಥೀಬ್ಸ್ ದಾರಿಯನ್ನೇ ಹಿಡಿದರು. ಶತ್ರುವಿನ ಊರ ಕಡೆ ಓಡ್ತಾರೆ ಅಂತ ಯಾರೂ ಅಂದುಕೊಳ್ಳಲ್ಲ ತಾನೇ? ಹಿಂದೆ ನೋಡಿದರೆ ಪಂಜುಗಳೆಲ್ಲ ಅಥೆನ್ಸ್ ರಸ್ತೆಯಲ್ಲಿ ಅವರನ್ನ ಹುಡುಕುತ್ತಿದ್ದವು. ಆಮೇಲೆ ಬೆಟ್ಟಕ್ಕೆ ತಿರುಗಿ 212 ಜನ ಅಥೆನ್ಸ್ ಸೇರಿದರು. ಊರಲ್ಲಿ ಉಳಿದವರಿಗೆ ಇದು ಗೊತ್ತಿಲ್ಲ. ಅರ್ಧದಿಂದ ವಾಪಸಾದವರು ಯಾರೂ ಉಳಿದಿಲ್ಲ ಅಂದಿದ್ದರು. ಬೆಳಗ್ಗೆ ಹೆಣ ಕೊಡಿ ಅಂತ ಕೇಳೋಕೆ ದೂತನನ್ನ ಕಳಿಸಿದ ಮೇಲೆಯೇ ನಿಜ ತಿಳಿದಿದ್ದು.

ಹೋಗೋಕೆ ಧೈರ್ಯ ಸಾಲದೆ ಉಳಿದವರ ಕಥೆ 427ರ ಬೇಸಿಗೆಗೆ ಮುಗಿಯಿತು. ಹಸಿವಿನಿಂದ ಗೋಡೆ ಕಾಯೋ ಶಕ್ತಿಯೂ ಇರಲಿಲ್ಲ. ಸ್ಪಾರ್ಟಾದ ದಂಡನಾಯಕನಿಗೆ ಇದು ಗೊತ್ತಿದ್ದೂ ಊರಿಗೆ ನುಗ್ಗಲಿಲ್ಲ. ಕರುಣೆಯಿಂದಲ್ಲ. ಮುಂದೆ ಅಥೆನ್ಸ್ ಜೊತೆ ಸಂಧಿಯಾಗಿ ಯುದ್ಧದಲ್ಲಿ ಹಿಡಿದ ಊರುಗಳನ್ನ ವಾಪಸ್ ಕೊಡಬೇಕಾಗಿ ಬಂದರೆ, ಇದು ತಾನಾಗಿಯೇ ಬಂದ ಊರು ಅನ್ನಬಹುದಲ್ಲ! ನ್ಯಾಯವಾಗಿ ವಿಚಾರಣೆ ಮಾಡ್ತೀವಿ ಅಂತ ಮಾತು ಕೊಟ್ಟು ಶರಣು ಮಾಡಿಸಿಕೊಂಡರು. ಸ್ಪಾರ್ಟಾದಿಂದ ಐದು ನ್ಯಾಯಾಧೀಶರು ಬಂದರು. ಆರೋಪ ಪಟ್ಟಿ ಏನೂ ಇಲ್ಲ. ಒಂದೇ ಪ್ರಶ್ನೆ: ಈ ಯುದ್ಧದಲ್ಲಿ ಸ್ಪಾರ್ಟಾಕ್ಕೆ, ಅದರ ಮಿತ್ರರಿಗೆ ಏನಾದರೂ ಒಳ್ಳೇದು ಮಾಡಿದ್ದೀರಾ?

ಊರಿನವರು ಏನೆಲ್ಲ ಹೇಳಿದರು. 479ರಲ್ಲಿ ಸತ್ತ ನಿಮ್ಮ ಅಪ್ಪಂದಿರ ಸಮಾಧಿ ಇಲ್ಲೇ ಇದೆ, ವರ್ಷ ವರ್ಷ ಬಟ್ಟೆ, ಮೊದಲ ಬೆಳೆ ಇಟ್ಟು ಪೂಜೆ ಮಾಡ್ತಿದ್ದೀವಿ, ಈ ನೆಲ ಥೀಬ್ಸಿಗೆ ಕೊಟ್ಟರೆ ಅವರನ್ನ ಕೊಂದವರ ಜೊತೆಗಿದ್ದವರ ಕೈಗೇ ಅವರ ಸಮಾಧಿ ಕೊಟ್ಟ ಹಾಗೆ ಅಂದರು. ನಿಮ್ಮಲ್ಲಿ ಭೂಕಂಪ ಆಗಿ ಹೆಲಾಟ್ ಆಳುಗಳು ದಂಗೆ ಎದ್ದಾಗ ನಮ್ಮ ಮೂರರಲ್ಲೊಂದು ಪಾಲು ಜನ ಬಂದಿದ್ದರು ಅಂದರು. ಥೀಬ್ಸಿನವರು ಎದ್ದು ಆ 180 ಸೆರೆಯವರ ಕಥೆ ತೆಗೆದರು. ನ್ಯಾಯಾಧೀಶರು ಒಬ್ಬೊಬ್ಬರನ್ನೇ ಕರೆದು ಅದೇ ಪ್ರಶ್ನೆ ಮತ್ತೆ ಕೇಳಿದರು. ಇಲ್ಲ ಅಂದವರನ್ನ ಕರೆದುಕೊಂಡು ಹೋಗಿ ಕೊಂದರು. 200ಕ್ಕೆ ಕಡಿಮೆಯಿಲ್ಲದಷ್ಟು ಪ್ಲಟೀಯದವರು, 25 ಅಥೆನ್ಸಿನವರು. ಹೆಂಗಸರು ಗುಲಾಮರಾದರು. ಊರು ನೆಲಸಮ. ಥುಸಿಡಿಡೀಸ್ ಸುತ್ತಿ ಬಳಸಿ ಹೇಳಲ್ಲ: ಸ್ಪಾರ್ಟಾ ಇದನ್ನೆಲ್ಲ ಮಾಡಿದ್ದು ಥೀಬ್ಸಿಗೋಸ್ಕರ, ಯುದ್ಧಕ್ಕೆ ಥೀಬ್ಸ್ ಬೇಕಾಗಿತ್ತು.

ಅದೇ ಬೇಸಿಗೆಯಲ್ಲಿ ಅಥೆನ್ಸಿನ ಸಭೆ ತನ್ನ ವಿರುದ್ಧ ದಂಗೆ ಎದ್ದಿದ್ದ ಮಿಟಿಲೀನಿ ಅನ್ನೋ ಊರಿನ ಗಂಡಸರನ್ನೆಲ್ಲ ಕೊಲ್ಲಬೇಕು ಅಂತ ಮತ ಹಾಕಿ ಹಡಗು ಕಳಿಸಿ, ಮರುದಿನ ಮನಸ್ಸು ಬದಲಾಯಿಸಿ ಅದನ್ನ ತಡೆಯೋಕೆ ಇನ್ನೊಂದು ಹಡಗು ಓಡಿಸಿತು. ಆ ಕಥೆ ಎಲ್ಲರೂ ಹೇಳ್ತಾರೆ. ಆಗಲೂ ಸಾವಿರಕ್ಕೂ ಜಾಸ್ತಿ ಜನರನ್ನ ಕೊಂದರು ಅನ್ನೋದನ್ನ ಮಾತ್ರ ನಿಧಾನಕ್ಕೆ ಹೇಳ್ತಾರೆ.

ಪ್ಲಟೀಯ ಬರೀ ಪಾಪದ ಊರಾಗಿದ್ದರೆ ನಾನು ಇಷ್ಟುದ್ದ ಬರೀತಿರಲಿಲ್ಲ. 421ರಲ್ಲಿ ಅಥೆನ್ಸ್ ತನ್ನ ವಿರುದ್ಧ ತಿರುಗಿದ್ದ ಸ್ಕಿಯೋನೆ ಅನ್ನೋ ಊರನ್ನ ಹಿಡಿಯಿತು. ಗಂಡಸರನ್ನ ಕೊಂದು, ಹೆಂಗಸರು ಮಕ್ಕಳನ್ನ ಗುಲಾಮರನ್ನಾಗಿ ಮಾಡಿತು. ಆ ಖಾಲಿ ಊರನ್ನ ಯಾರಿಗೆ ಕೊಟ್ಟಿತು ಗೊತ್ತಾ? ಪ್ಲಟೀಯದ ನಿರಾಶ್ರಿತರಿಗೆ. ತಮ್ಮ ಊರಿಗೆ ಏನಾಗಿತ್ತೋ ಅದೇ ಆದ ಇನ್ನೊಂದು ಊರಲ್ಲಿ ಇವರನ್ನ ತಂದು ಕೂರಿಸಿದರು.

ಮುಂದಿನದು ಬೇಗ ಹೇಳ್ತೀನಿ. 386ರಲ್ಲಿ ಸ್ಪಾರ್ಟಾಕ್ಕೆ ಥೀಬ್ಸ್ ಕಂಡರೆ ಆಗದ ಕಾಲ ಬಂತು, ಆಗ ಅದೇ ಸ್ಪಾರ್ಟಾ ಪ್ಲಟೀಯವನ್ನ ಮತ್ತೆ ಎಬ್ಬಿಸಿತು. 373ರಲ್ಲಿ ಥೀಬ್ಸ್ ಮತ್ತೆ ಕೆಡವಿತು. 338ರಲ್ಲಿ ಕೈರೋನಿಯಾದಲ್ಲಿ ಥೀಬ್ಸ್, ಅಥೆನ್ಸ್ ಎರಡನ್ನೂ ಸೋಲಿಸಿದ ಮ್ಯಾಸಿಡೋನಿಯಾದ ಫಿಲಿಪ್ ಇವರನ್ನ ವಾಪಸ್ ಕರೆಸಿದ. ಯಾರಿಗೂ ಪ್ಲಟೀಯದ ಮೇಲೆ ಪ್ರೀತಿ ಇರಲಿಲ್ಲ. ಥೀಬ್ಸಿನ ಪಕ್ಕ ಒಂದು ಮುಳ್ಳು ಬೇಕಾಗಿತ್ತು, ಅಷ್ಟೇ.

335ರಲ್ಲಿ ಥೀಬ್ಸ್ ಅಲೆಕ್ಸಾಂಡರನ ವಿರುದ್ಧ ಎದ್ದಿತು, ಸೋತಿತು. ಆ ಊರನ್ನ ಏನು ಮಾಡಬೇಕು ಅನ್ನೋ ತೀರ್ಮಾನವನ್ನ ಅವನು ತನ್ನ ಜೊತೆಗಿದ್ದ ಗ್ರೀಕರಿಗೇ ಬಿಟ್ಟ. ಅವರಲ್ಲಿ ಪ್ಲಟೀಯದವರೂ ಇದ್ದರು. ಈಗ ಪ್ರಶ್ನೆ ಕೇಳೋ ಸರದಿ ಇವರದು. ಥೀಬ್ಸನ್ನ ನೆಲಸಮ ಮಾಡಬೇಕು, ಜನರನ್ನ ಮಾರಬೇಕು, ಭೂಮಿ ಹಂಚಿಕೊಳ್ಳಬೇಕು ಅಂತ ತೀರ್ಪಾಯಿತು. ಸತ್ತವರು 6000ಕ್ಕೂ ಜಾಸ್ತಿ, ಸೆರೆಯಾದವರು 30,000ಕ್ಕೂ ಜಾಸ್ತಿ ಅಂತ ಇತಿಹಾಸಕಾರ ಡಿಯೊಡೋರಸ್ ಬರೀತಾನೆ. ಕವಿ ಪಿಂಡಾರನ ಮನೆಯನ್ನ ಮಾತ್ರ ಮುಟ್ಟಬೇಡಿ ಅಂದನಂತೆ ಅಲೆಕ್ಸಾಂಡರ್. ಅವನ ದೊಡ್ಡತನಕ್ಕೆ ಇದನ್ನೇ ಉದಾಹರಣೆ ಕೊಡೋರನ್ನ ನೋಡಿದರೆ ನನಗೆ ನಗು ಬರುತ್ತೆ.

ಇಪ್ಪತ್ತು ವರ್ಷ ಆದಮೇಲೆ ಮ್ಯಾಸಿಡೋನಿಯಾದ ಕಸಾಂಡರ್ ಥೀಬ್ಸನ್ನ ಮತ್ತೆ ಕಟ್ಟಿಸಿದ. ಊರ ಗೋಡೆಯ ಹೆಚ್ಚಿನ ಭಾಗ ಎಬ್ಬಿಸಿಕೊಟ್ಟವರು ಯಾರು ಅಂತೀರಿ? ಅಥೆನ್ಸಿನವರು. ಪ್ಲಟೀಯಕ್ಕೆ ಬರದ ಸಹಾಯ ಥೀಬ್ಸಿಗೆ ಬಂತು, ಅದೂ ಕಲ್ಲು ಮಣ್ಣಿನ ಸಮೇತ.