ಉಸಿರಿಗೂ ಶಿಕ್ಕಾ ಬೇಕಂತೆ

ಅಮೆರಿಕದ ಓಹಾಯೋದಲ್ಲಿ ಡಾಕ್ಟರೊಬ್ಬರು ತಮ್ಮ ರೋಗಿಗೆ ಗಾಲಿಕುರ್ಚಿ ಕೊಡಬೇಕು ಅಂತ ಲಿಖಿತ ಆದೇಶ ಹೊರಡಿಸುತ್ತಾರೆ ಅಂದುಕೊಳ್ಳಿ. ಆ ಆದೇಶ ಬರೆದವನು ನಾನು. ಮುಂಬಯಿ ಪಕ್ಕದ ಡೊಂಬಿವಲಿಯವನು, ಬಿ.ಕಾಂ., ಅದೂ ಅಕೌಂಟ್ಸಿನಲ್ಲಿ ಒಂದು ಸಲ ಡುಮ್ಕಿ ಹೊಡೆದು ಪಾಸಾದವನು. ಆ ರೋಗಿಗೆ ನೋಯುವುದು ಎಡಗಾಲೋ ಬಲಗಾಲೋ ನನಗೆ ಗೊತ್ತಿಲ್ಲ. ಆದರೂ ಅವರಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು ಅಂತ ನೀಟಾಗಿ ಟೈಪ್ ಮಾಡಿ, ಕೆಳಗೆ ಒಂದು ಗೆರೆ ಎಳೆದು, ಡಾಕ್ಟರೇ ದಯವಿಟ್ಟು ಇಲ್ಲಿ ಸಹಿ ಹಾಕಿ ಅಂತ ಕಳಿಸುತ್ತೇನೆ. ಇದಕ್ಕೆ ವೈದ್ಯರ ಆದೇಶ ಅನ್ನುತ್ತಾರೆ.

ಇದರಲ್ಲಿ ಕಳ್ಳತನ ಏನೂ ಇಲ್ಲ, ಎಲ್ಲ ನಿಯಮದ ಪ್ರಕಾರವೇ. ಅಲ್ಲಿ ವಯಸ್ಸಾದವರಿಗೆ ಮೆಡಿಕೇರ್ ಅಂತ ಸರಕಾರಿ ವಿಮೆ ಇದೆ, 1965ರಲ್ಲಿ ಕಾನೂನಾದದ್ದು. ಗಾಲಿಕುರ್ಚಿ, ವಾಕರ್, ಆಕ್ಸಿಜನ್ ಯಂತ್ರ, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮುಖವಾಡದಿಂದ ಗಾಳಿ ಒತ್ತುವ ಸಿಪ್ಯಾಪ್, ಇಂಥದ್ದನ್ನೆಲ್ಲ ಮನೆಗೆ ಕೊಡುವ ಅಂಗಡಿಗೆ ದುಡ್ಡು ಸಿಗಬೇಕಾದರೆ ಡಾಕ್ಟರ ಸಹಿ ಇರುವ ಆದೇಶ ಬೇಕು. ಆದೇಶವನ್ನು ಯಾರು ಬೇಕಾದರೂ ತುಂಬಬಹುದು, ಸಹಿ ಮಾತ್ರ ಡಾಕ್ಟರದೇ ಇರಬೇಕು. ಹಾಗಾಗಿ ತುಂಬುವ ಕೆಲಸ ಏಳು ಸಮುದ್ರ ದಾಟಿ ನವಿ ಮುಂಬಯಿಯ ಐರೋಲಿಯ ಒಂದು ಗಾಜಿನ ಕಟ್ಟಡಕ್ಕೆ ಬಂತು, ಅಲ್ಲಿಂದ ನನ್ನ ಟೇಬಲಿಗೆ. ಅವರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತು ಅಂದರೆ ನಮಗೆ ಸಂಜೆ ಆರೂವರೆ. ರಾತ್ರಿ ಎರಡೂವರೆಗೆ ಅವರು ಬಾಗಿಲು ಹಾಕುವವರೆಗೂ ನಮ್ಮದು ಒಂದೇ ಜಪ, ಸಹಿ ಆಯ್ತಾ, ಸಹಿ ಆಯ್ತಾ.

ಆದೇಶದಲ್ಲಿ ಇರಬೇಕಾದದ್ದು ಆರೇ ಆರು ಸಂಗತಿ. ರೋಗಿಯ ಹೆಸರು ಅಥವಾ ನಂಬರು, ತಾರೀಕು, ಸಾಮಾನು ಯಾವುದು, ಎಷ್ಟು, ಡಾಕ್ಟರ ಹೆಸರು ಅಥವಾ ಅವರ ಹತ್ತಂಕಿಯ ನಂಬರು, ಸಹಿ. ನಮ್ಮ ಸೊಸೈಟಿಯಲ್ಲಿ ಸ್ಕೂಟರ್ ನಿಲ್ಲಿಸಲಿಕ್ಕೂ ಇದಕ್ಕಿಂತ ಜಾಸ್ತಿ ಬರೆದುಕೊಡಬೇಕು. ಮುಂಚೆ ಒಂದೊಂದು ಸಾಮಾನಿಗೆ ಒಂದೊಂದು ಬಗೆಯ ಕಾಗದ ಇತ್ತು. 2020ರ ಜನವರಿ 1ರಿಂದ ಎಲ್ಲಕ್ಕೂ ಈ ಒಂದೇ ನಮೂನೆ ಅಂದರು. 2023ರಿಂದ ಆಕ್ಸಿಜನ್‌ಗೆ ಬೇಕಿದ್ದ ಪ್ರತ್ಯೇಕ ಪ್ರಮಾಣಪತ್ರವನ್ನೂ ತೆಗೆದುಹಾಕಿದರು. ಇಷ್ಟು ಸುಲಭ ಮಾಡಿದ ಮೇಲೆ ನಮ್ಮ ಕೆಲಸ ಹೋಯ್ತು ಅಂತ ನಾವೆಲ್ಲ ಕ್ಯಾಂಟೀನಿನಲ್ಲಿ ಮುಖ ಸಣ್ಣ ಮಾಡಿ ಕೂತಿದ್ದೆವು. ಏನೂ ಆಗಲಿಲ್ಲ, ದೇವರು ದೊಡ್ಡವನು. ಆದೇಶ ಸರಳವಾಯಿತು, ಆದರೆ ಅದರಲ್ಲಿದ್ದದ್ದಕ್ಕೆಲ್ಲ ಡಾಕ್ಟರ ಸ್ವಂತ ಟಿಪ್ಪಣಿಯಲ್ಲೂ ಆಧಾರ ಇರಬೇಕಲ್ಲ, ಈಗ ಅದನ್ನು ಕೇಳಿಕೊಂಡು ಫೋನ್ ಮಾಡುತ್ತೇವೆ.

ಫೋನ್ ಅಂದರೆ ಮಾತುಕತೆ ಅಂದುಕೊಳ್ಳಬೇಡಿ. ಇಪ್ಪತ್ತು ನಿಮಿಷ ಸಂಗೀತ ಕೇಳಬೇಕು. ಆಮೇಲೆ ಒಬ್ಬ ಅಮ್ಮ ಬಂದು, ನಿಮ್ಮ ಫ್ಯಾಕ್ಸ್ ನಮಗೆ ಬಂದಿಲ್ಲ ಅನ್ನುತ್ತಾರೆ. ಹೌದು, ಫ್ಯಾಕ್ಸ್. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶ ಈಗಲೂ ಆಸ್ಪತ್ರೆಯ ಕಾಗದಕ್ಕೆ ಫ್ಯಾಕ್ಸನ್ನೇ ನಂಬಿದೆ. ಅಲೆಕ್ಸಾಂಡರ್ ಬೇನ್ ಅಂತ ಒಬ್ಬ ಸ್ಕಾಟ್ಲೆಂಡಿನ ಗಡಿಯಾರದ ಕೆಲಸದವ ಇದಕ್ಕೆ ಪೇಟೆಂಟ್ ತಗೊಂಡದ್ದು 1843ರಲ್ಲಿ. ಟೆಲಿಫೋನಿನ ಪೇಟೆಂಟ್ ಬಂದದ್ದು 1876ರಲ್ಲಿ. ಅಂದರೆ ನಾನು ರಾತ್ರಿಯಿಡೀ ಮಾಡುವುದು ಇಷ್ಟೇ: ಟೆಲಿಫೋನಿಗಿಂತ ಹಳೆಯ ಯಂತ್ರದಲ್ಲಿ ಕಾಗದ ಕಳಿಸಿ, ಅದು ಮುಟ್ಟಿತಾ ಅಂತ ಟೆಲಿಫೋನಿನಲ್ಲಿ ಕೇಳುವುದು. ಮುಟ್ಟಿಲ್ಲ. ಇನ್ನೊಮ್ಮೆ ಕಳಿಸಿ. ಮುಟ್ಟಿದೆ, ಆದರೆ ಡಾಕ್ಟರು ರಜೆಯಲ್ಲಿದ್ದಾರೆ. ಡಾಕ್ಟರು ಬಂದರು, ಸಹಿಯೂ ಹಾಕಿದರು, ಆದರೆ ಎರಡನೇ ಪುಟ ಮಗುಚಿ ಹೋಗಿ ಹಿಂಬದಿಯ ಖಾಲಿ ಹಾಳೆ ನಮಗೆ ಬಂದಿದೆ.

ಅಲ್ಲಿನ ಒಂದು ನಿಯಮ ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಮೆರಿಕದಲ್ಲಿ ಸಹಿಯ ಬದಲು ರಬ್ಬರ್ ಸ್ಟ್ಯಾಂಪ್ ಒತ್ತಿದರೆ ಮೆಡಿಕೇರ್ ಒಪ್ಪುವುದಿಲ್ಲ. ಕೈಲಾಗದೆ ಸಹಿ ಮಾಡಲು ಆಗದ ಡಾಕ್ಟರಿಗೆ ಮಾತ್ರ ವಿನಾಯಿತಿ, ಅದಕ್ಕೂ ಪುರಾವೆ ಬೇಕು. ಉಳಿದವರೆಲ್ಲ ಕೈಯಲ್ಲೇ ಹಾಕಬೇಕು, ಇಲ್ಲವೇ ಕಂಪ್ಯೂಟರಿನ ಸಹಿ. ಸಹಿ ಯಾರದ್ದು ಅಂತ ಓದಲಿಕ್ಕಾಗದಿದ್ದರೆ, ಮತ್ತೆ ಯಾವ ಡಾಕ್ಟರ ಸಹಿ ಓದಲಿಕ್ಕಾಗುತ್ತದೆ ಹೇಳಿ, ಆಗ ಟಿಪ್ಪಣಿಯ ಮಟ್ಟಿಗಾದರೂ, ಆ ಸಹಿ ನನ್ನದೇ ಅಂತ ಡಾಕ್ಟರು ಇನ್ನೊಂದು ಕಾಗದ ಬರೆದುಕೊಡಬಹುದು. ಅದರ ಕೆಳಗೂ ಸಹಿ ಹಾಕಬೇಕು. ಅದೇ ಸಹಿ.

ಸಿಪ್ಯಾಪ್ ಕತೆ ಇನ್ನೂ ಚೆಂದ. ರಾತ್ರಿಗೆ ನಾಲ್ಕು ತಾಸಾದರೂ ಮುಖವಾಡ ಹಾಕಿಕೊಂಡು ಮಲಗಿದ್ದೀರಾ, ಮೂವತ್ತು ದಿನದಲ್ಲಿ ನೂರಕ್ಕೆ ಎಪ್ಪತ್ತು ರಾತ್ರಿ ಹಾಗೆ ಮಲಗಿದ್ದೀರಾ ಅಂತ ಯಂತ್ರವೇ ಲೆಕ್ಕ ಇಡುತ್ತದೆ, ಮೊದಲ ಮೂರು ತಿಂಗಳಲ್ಲಿ ಆ ಲೆಕ್ಕ ತೋರಿಸಬೇಕು. ನಿದ್ದೆಗೂ ಹಾಜರಿ ಪುಸ್ತಕ. ಆಕ್ಸಿಜನ್‌ಗೆ ಬೇರೆ ಲೆಕ್ಕ. ರಕ್ತದಲ್ಲಿ ಆಮ್ಲಜನಕ ನೂರಕ್ಕೆ 88 ಅಥವಾ ಕಡಿಮೆ ಇದ್ದರೆ ದಾರಿ ಸಲೀಸು, 89 ಬಂದರೆ ಬೇರೆ ತೊಂದರೆಗಳ ದಾಖಲೆಯೂ ಬೇಕು. ಒಂದೇ ಒಂದು ಅಂಕೆ ಜಾಸ್ತಿ ಉಸಿರಾಡಿದ್ದಕ್ಕೆ ಮುದುಕರು ಪೇಚಿಗೆ ಸಿಕ್ಕಿದ್ದನ್ನು ನಾನೇ ಟೈಪ್ ಮಾಡಿದ್ದೇನೆ.

ಇದನ್ನೆಲ್ಲ ಬೆಳಗಿನ ಜಾವ ಮನೆಗೆ ಬಂದು ಅಪ್ಪನಿಗೆ ಹೇಳಿ ನಗುತ್ತಿದ್ದೆ. ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಫೋರ್ಟಿನ ಒಂದು ಆಫೀಸಿನಲ್ಲಿ ಮೂವತ್ತೆರಡು ವರ್ಷ ಫೈಲು ಹೊತ್ತು ರಿಟೈರ್ ಆದ ಮನುಷ್ಯ. ಅವರಿಗೆ ಕಾಗದದ ಜೋಕು ಅಂದರೆ ಬಹಳ ಇಷ್ಟ. ದಮ್ಮು ಇದ್ದದ್ದರಿಂದ ಜಾಸ್ತಿ ನಗುವ ಹಾಗಿರಲಿಲ್ಲ. ಕಳೆದ ಮಳೆಗಾಲದಲ್ಲಿ ಆ ದಮ್ಮೇ ಜೋರಾಯಿತು. ಆಸ್ಪತ್ರೆಯಿಂದ ಬಿಡುವಾಗ ಠಾಣೆ ಶಹರದ ಎದೆರೋಗದ ಡಾಕ್ಟರು, ಮನೆಯಲ್ಲಿ ಕಾನ್ಸಂಟ್ರೇಟರ್ ಇಟ್ಟುಕೊಳ್ಳಿ, ನಿಮಿಷಕ್ಕೆ ಎರಡು ಲೀಟರ್ ಸಾಕು ಅಂದರು. ಸುತ್ತಲಿನ ಗಾಳಿ ಎಳೆದುಕೊಂಡು, ನೈಟ್ರೋಜನ್ ತಡೆದು, ಆಮ್ಲಜನಕ ಕೊಡುವ ಪೆಟ್ಟಿಗೆ ಅದು. ಅದೇ ಸಂಜೆ 45 ಸಾವಿರ ಕೊಟ್ಟು ತಂದೆವು. ಅಂಗಡಿಯವನು ಒಂದು ಕಾಗದವನ್ನೂ ಕೇಳಲಿಲ್ಲ. ಗೂಗಲ್ ಪೇನಾ ಕ್ಯಾಶಾ ಅಂತಷ್ಟೇ ಕೇಳಿದ.

ಅಪ್ಪನ ಹಳೆ ಆಫೀಸಿನಲ್ಲಿ ರಿಟೈರಾದವರಿಗೆ ಇಂಥ ಖರ್ಚು ವಾಪಸು ಕೊಡುವ ಯೋಜನೆ ಇದೆ. ಸಹಿ ತರಿಸುವುದರಲ್ಲಿ ನಾನು ಆರು ವರ್ಷ ಪಳಗಿದವನು, ಓಹಾಯೋದಿಂದಲೇ ತರಿಸುತ್ತೇನೆ, ಠಾಣೆ ಯಾವ ಲೆಕ್ಕ ಅಂದುಕೊಂಡೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆ ಯಾರ ಬಗ್ಗೆ ಅಂತ ಆಗ ಹೊಳೆಯಲಿಲ್ಲ.

ಮೊದಲ ಸಲ ಫೋರ್ಟಿಗೆ ಹೋದಾಗ ಕೌಂಟರಿನವರು ಡಾಕ್ಟರ ಚೀಟಿ ತಿರುಗಿಸಿ ಮುರುಗಿಸಿ ನೋಡಿ, ಕನ್ನಡಕ ಮೇಲೆ ಸರಿಸಿ ಕೇಳಿದ್ದು ಒಂದೇ ಮಾತು.

"ಶಿಕ್ಕಾ ಕುಠೆ ಆಹೆ?"

ಶಿಕ್ಕಾ ಎಲ್ಲಿದೆ ಅಂತ, ಮರಾಠಿಯಲ್ಲಿ. ಶಿಕ್ಕಾ ಅಂದರೆ ಸೀಲು. ಸಹಿ ಇದೆಯಲ್ಲ ಸಾಹೇಬರೇ ಅಂದೆ. ಸಹಿ ಯಾರು ಬೇಕಾದರೂ ಹಾಕುತ್ತಾರೆ, ಶಿಕ್ಕಾ ಬೇಕು ಅಂದರು. ನೋಡಿ, ನನ್ನ ರಾತ್ರಿ ಪಾಳಿಯ ಇಡೀ ವೇದಾಂತ ಅಲ್ಲಿಗೆ ಉಲ್ಟಾ ಆಯಿತು. ಅಲ್ಲಿ ಸ್ಟ್ಯಾಂಪ್ ಯಾರು ಬೇಕಾದರೂ ಒತ್ತುತ್ತಾರೆ, ಸಹಿ ತನ್ನಿ ಅನ್ನುತ್ತಾರೆ. ಡಾಕ್ಟರ ನೋಂದಣಿ ನಂಬರು ಚೀಟಿಯ ಮೇಲೆ ಇರಬೇಕು ಅಂತ 2002ರ ವೈದ್ಯರ ನಡತೆಯ ನಿಯಮದಲ್ಲೇ ಇದೆ, ಇಗೋ ಇಲ್ಲಿ ಅಚ್ಚಾಗಿದೆ ಅಂತ ತೋರಿಸಿದೆ. ಅಚ್ಚಾದ ನಂಬರು ಬೇರೆ, ಶಿಕ್ಕಾದ ನಂಬರು ಬೇರೆ ಅಂದರು. ಎರಡೂ ಒಂದೇ ನಂಬರು ಅಂದೆ. ಹಾಗಾದರೆ ಶಿಕ್ಕಾ ಹಾಕಿಸಲು ನಿಮಗೇನು ಕಷ್ಟ ಅಂದರು. ಈ ತರ್ಕಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ.

ಠಾಣೆಗೆ ಹೋದರೆ ಡಾಕ್ಟರ ರಿಸೆಪ್ಶನಿನ ಹುಡುಗಿ "ಉದ್ಯಾ ಯಾ" ಅಂದಳು, ನಾಳೆ ಬನ್ನಿ ಅಂತ. ನಾಳೆ ಹೋದೆ, ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿ. ನಾಡಿದ್ದು ಹೋದೆ, ಸೀಲು ಹಾಕಿಸಿಕೊಂಡೆ. ಡೊಂಬಿವಲಿಯಿಂದ ಫೋರ್ಟಿಗೆ ಫಾಸ್ಟ್ ಲೋಕಲಿನಲ್ಲಿ ಒಂದು ಗಂಟೆಗೂ ಜಾಸ್ತಿ, ಅದೂ ರಾತ್ರಿಯಿಡೀ ಎದ್ದಿದ್ದವನು ನಿಂತುಕೊಂಡು. ಸೀಲು ಸಹಿಯ ಮೇಲೆ ಬಿದ್ದಿದೆ, ನಂಬರಿನ ಕೊನೆಯ ಅಂಕೆ 3ಓ 8ಓ ಗೊತ್ತಾಗುವುದಿಲ್ಲ ಅಂದರು. ಹೋದ ಪುಟ್ಟ ಬಂದ ಪುಟ್ಟ.

ಮೂರನೇ ಸಲ ಎಲ್ಲ ಸರಿಯಿತ್ತು. ಸಹಿ ಒಂದು ಕಡೆ, ಸೀಲು ಒಂದು ಕಡೆ, ಮಧ್ಯೆ ಎರಡು ಬೆರಳು ಜಾಗ, ವಧೂವರರ ಫೋಟೋ ಹಾಗೆ. ಸಾಹೇಬರು ಚೀಟಿ ಓದಿದರು, ಬಿಲ್ಲು ಓದಿದರು, ಮತ್ತೆ ಚೀಟಿ ಓದಿದರು.

"ಡಾಕ್ಟರು ಬರೆದದ್ದು ಎರಡು ಲೀಟರ್. ನೀವು ತಗೊಂಡದ್ದು ಐದು ಲೀಟರಿನ ಯಂತ್ರ."

ಮನೆಗೆ ಮಾರುವ ಯಂತ್ರ ಸಾಮಾನ್ಯವಾಗಿ ಐದು ಲೀಟರಿನದ್ದೇ, ಮುಂದೆ ಒಂದು ಗುಬುಟು ಇರುತ್ತದೆ, ಅದನ್ನು ಎರಡಕ್ಕೆ ತಿರುಗಿಸಿ ಇಡುವುದು ಅಂತ ವಿವರಿಸಿದೆ. ಫ್ಯಾನಿನ ರೆಗ್ಯುಲೇಟರ್ ಇದ್ದ ಹಾಗೆ ಅಂತ ಗೋಡೆಯ ಮೇಲಿನ ರೆಗ್ಯುಲೇಟರನ್ನೂ ತೋರಿಸಿದೆ. ಅವರು ಸಮಾಧಾನದಿಂದ ಕೇಳಿದರು, ಉಳಿದ ಮೂರು ಲೀಟರ್ ಮನೆಯಲ್ಲಿ ಯಾರು ಉಸಿರಾಡುತ್ತಾರೆ?

ಮನೆಗೆ ಬಂದು ಹೇಳಿದರೆ ಅಪ್ಪ ಮೂಗಿನ ನಳಿಗೆ ಸರಿ ಮಾಡಿಕೊಂಡು, "ಎಂತ ಮಾರಾಯ, ಮೂರು ಲೀಟರ್ ಅವರಿಗೇ ಕೊಟ್ಟು ಬರಬೇಕಿತ್ತು, ಅವರಿಗೂ ಸ್ವಲ್ಪ ಗಾಳಿ ಆಗ್ತಿತ್ತು" ಅಂದರು. ಆಮೇಲೆ ಹತ್ತು ನಿಮಿಷ ಕೆಮ್ಮಿದರು. ಮೂವತ್ತೆರಡು ವರ್ಷ ಅದೇ ಆಫೀಸಿನಲ್ಲಿ ಕೂತು ತಾವೂ ಎಷ್ಟೋ ಜನರಿಗೆ ಶಿಕ್ಕಾ ಕೇಳಿದ್ದೇನೆ ಅಂತಲೂ ಆ ರಾತ್ರಿ ಒಪ್ಪಿಕೊಂಡರು, ಆದರೆ ಉಸಿರಿಗೆ ಯಾವತ್ತೂ ಕೇಳಿರಲಿಲ್ಲವಂತೆ.

ನಾಲ್ಕನೇ ಸಲ ತಾರೀಕು. ಬಿಲ್ಲು ಮುಂಚಿನದ್ದು, ಶಿಕ್ಕಾ ಇರುವ ಚೀಟಿ ಆಮೇಲಿನದ್ದು. ಡಾಕ್ಟರು ಬರೆಯುವ ಮುಂಚೆಯೇ ಹೇಗೆ ಆಕ್ಸಿಜನ್ ಶುರು ಮಾಡಿದಿರಿ? ಸರಿ, ತಪ್ಪಾಯಿತು, ನಾಲ್ಕು ದಿನ ಉಸಿರು ಬಿಗಿಹಿಡಿದು ಕೂರಿಸಬೇಕಿತ್ತು. ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಅಮೆರಿಕದವರೇ ವಾಸಿ. ಮೋಟಾರು ಗಾಲಿಕುರ್ಚಿಯಂಥ ಕೆಲವಕ್ಕೆ ಆದೇಶ ಮೊದಲು, ಸಾಮಾನು ಆಮೇಲೆ. ಉಳಿದ ಬಹಳಷ್ಟಕ್ಕೆ ಬಿಲ್ಲು ಕಳಿಸುವ ಹೊತ್ತಿಗೆ ಸಹಿ ಬಂದಿದ್ದರೆ ಸಾಕು.

ಆಗ ನನ್ನೊಳಗಿನ ರಾತ್ರಿ ಪಾಳಿಯವ ಎದ್ದ. ಓಹಾಯೋದ ನಮೂನೆಯನ್ನೇ ತೆಗೆದೆ. ಅಪ್ಪನ ಹೆಸರು, ಆಸ್ಪತ್ರೆಯಿಂದ ಬಿಟ್ಟ ದಿನ ಡಾಕ್ಟರು ಬಾಯಲ್ಲಿ ಹೇಳಿದ ಸಲಹೆ, ಯಂತ್ರ ಐದು ಲೀಟರ್ ಸಾಮರ್ಥ್ಯದ್ದು, ಬಳಸುವುದು ಎರಡು, ಉಳಿದ ಮೂರು ಯಾರೂ ಉಸಿರಾಡುವುದಿಲ್ಲ ಎಂಬ ಅರ್ಥದ ಒಂದು ಗಂಭೀರ ವಾಕ್ಯ, ಇವತ್ತಿನ ತಾರೀಕು, ಕೆಳಗೆ ಒಂದು ಗೆರೆ. ಡಾಕ್ಟರು ಓದಿ, "ಅರೆ, ಇಷ್ಟು ಚೆನ್ನಾಗಿ ಯಾರು ಬರೆದದ್ದು?" ಅಂತ ಕೇಳಿ ಮೂವತ್ತು ಸೆಕೆಂಡಿನಲ್ಲಿ ಸಹಿ ಹಾಕಿದರು. ಆರು ವರ್ಷದಲ್ಲಿ ಯಾವ ಡಾಕ್ಟರೂ ನನ್ನನ್ನು ಹೀಗೆ ಹೊಗಳಿರಲಿಲ್ಲ.

ಸೀಲು ಮಾತ್ರ ಇರಲಿಲ್ಲ. ಕಂಪೌಂಡರ್ ಗಣಪತಿ ಹಬ್ಬಕ್ಕೆ ಕೊಂಕಣದ ಊರಿಗೆ ಹೋಗಿದ್ದಾನೆ, ಸೀಲು ಅವನ ಡ್ರಾಯರಿನಲ್ಲಿದೆ, ಕೀಲಿಕೈ ಅವನ ಸೊಂಟದಲ್ಲಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿ ಲೀವ್ ಹಾಕಿದ್ದ. ಡಾಕ್ಟರು ಒಂದು ಕ್ಷಣ ಯೋಚಿಸಿ, "ಸ್ಟೇಷನ್ ಹತ್ತಿರ ಮಾಡಿಕೊಡ್ತಾರೆ, ನೀವೇ ಒಂದು ಹೊಸದು ಮಾಡಿಸಿಕೊಂಡು ಬನ್ನಿ ನೋಡೋಣ" ಅಂತ ತಮ್ಮ ಲೆಟರ್‌ಹೆಡ್ ಕೈಗೆ ಕೊಟ್ಟರು.

ಸ್ಟೇಷನ್ ಪಕ್ಕದ ಗೂಡಂಗಡಿಯವನು ಲೆಟರ್‌ಹೆಡ್ಡಿನ ಕಡೆ ಒಮ್ಮೆ ನೋಡಿದ. ನೀವು ಯಾರು ಅಂತ ಕೇಳಲಿಲ್ಲ. ಡಾಕ್ಟರ ಪತ್ರ ಇದೆಯಾ ಅಂತ ಕೇಳಲಿಲ್ಲ. ನೀಲಿ ಇಂಕೋ ನೇರಳೆಯೋ ಅಂತ ಕೇಳಿದ. ಇಪ್ಪತ್ತು ನಿಮಿಷಕ್ಕೆ ಎಂ.ಡಿ. ಪದವಿ, ನೋಂದಣಿ ನಂಬರು, ಎಲ್ಲ ಸೇರಿ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ವಸ್ತು ನನ್ನ ಜೇಬಿಗೆ ಬಂತು. ಠಾಣೆಯ ರಸ್ತೆಯಲ್ಲಿ ಕಾಲು ಗಂಟೆ ನಾನು ಎದೆರೋಗ ತಜ್ಞನಾಗಿದ್ದೆ. ಎದುರಿಗೆ ಬಂದವರಿಗೆಲ್ಲ ಎರಡೆರಡು ಲೀಟರ್ ಬರೆದುಕೊಡೋಣ ಅನ್ನಿಸಿತು. ಕೊನೆಗೆ ಬುದ್ಧಿ ಬಂದು ಡಾಕ್ಟರಿಗೇ ಒಯ್ದು ಕೊಟ್ಟೆ. ಅವರು ಒತ್ತಿದರು. ಎಷ್ಟು ಚೆಂದ ಬಿತ್ತು ಅಂದರೆ ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಬಹುದಿತ್ತು.

ಫೋರ್ಟಿನ ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಫೈಲಿನಿಂದ ಹಳೆ ಚೀಟಿ ತೆಗೆದು ಪಕ್ಕದಲ್ಲಿಟ್ಟರು.

"ಹಳೆ ಶಿಕ್ಕಾ ಗುಂಡಗಿದೆ. ಇದು ಚೌಕ. ಇದು ಅವರದ್ದೇ ಅಂತ ಹೇಗೆ ನಂಬುವುದು? ಎರಡೂ ನನ್ನವೇ ಅಂತ ಡಾಕ್ಟರಿಂದ ಒಂದು ಪತ್ರ ತನ್ನಿ. ಸಹಿ ಸಾಲುವುದಿಲ್ಲ, ಶಿಕ್ಕಾ ಹಾಕಿಸಿ."

"ಯಾವುದು ಸಾಹೇಬರೇ, ಗುಂಡಗಿನದ್ದಾ, ಚೌಕದ್ದಾ?"

ಅವರು ಕನ್ನಡಕ ತೆಗೆದು ಟೇಬಲಿನ ಮೇಲಿಟ್ಟರು. ಐದು ಭೇಟಿಯಲ್ಲಿ ಮೊದಲ ಸಲ ಅವರು ಯೋಚನೆ ಮಾಡುವುದನ್ನು ನೋಡಿದೆ. ಆಮೇಲೆ ಎದ್ದು, ಕೇಳಿ ಬರುತ್ತೇನೆ ಅಂತ ಒಳಗೆ ಹೋದರು. ಊಟದ ಬೆಲ್ ಹೊಡೆಯಿತು.