ಡೇಟಾಬೇಸ್ ಜೋಡಿಸಿದ ಮಾತ್ರಕ್ಕೆ ಡ್ಯಾಶ್‌ಬೋರ್ಡ್ ಲೈವ್ ಆಗಲ್ಲ

"ಪವರ್ ಬಿಐಗೆ ಡೇಟಾಬೇಸ್ ಒಂದ್ಸಲ ಕನೆಕ್ಟ್ ಮಾಡಿದರೆ ಸಾಕು, ಚಾರ್ಟ್‌ಗಳು ಆ ಕ್ಷಣದ ಲೆಕ್ಕವನ್ನೇ ತೋರಿಸುತ್ತವೆ" ಅನ್ನೋ ಮಾತು, ಡೇಟಾದಿಂದ ಚಾರ್ಟ್ ಮಾಡುವ ಮೈಕ್ರೋಸಾಫ್ಟ್‌ನ ಈ ಸಾಫ್ಟ್‌ವೇರ್ ಬಗ್ಗೆ ಓಡಾಡುತ್ತಿದೆ. ಇದು ಅರ್ಧ ಸತ್ಯ.

ಹೆಚ್ಚಾಗಿ ಬಳಕೆಯಲ್ಲಿರುವುದು ಇಂಪೋರ್ಟ್ ವಿಧಾನ. ಇದರಲ್ಲಿ ಡೇಟಾದ ಒಂದು ಪ್ರತಿ ಪವರ್ ಬಿಐ ಒಳಗೆ ಬಂದು ಕೂರುತ್ತದೆ. ಚಾರ್ಟ್ ಓದುವುದು ಆ ಪ್ರತಿಯನ್ನು, ನಿಮ್ಮ ಡೇಟಾಬೇಸನ್ನಲ್ಲ. ಪ್ರೊ ಲೈಸೆನ್ಸ್‌ನಲ್ಲಿ ದಿನಕ್ಕೆ 8 ಸಲ, ಪ್ರೀಮಿಯಂನಲ್ಲಿ 48 ಸಲದವರೆಗೆ ರಿಫ್ರೆಶ್‌ಗೆ (ಪ್ರತಿಯನ್ನು ಹೊಸದಾಗಿ ತರಿಸಿಕೊಳ್ಳಲು) ಸಮಯ ಹಾಕಿಡಬಹುದು. ಬೆಳಿಗ್ಗೆ 9ಕ್ಕೆ ರಿಫ್ರೆಶ್ ಆಗಿದೆ, ಮುಂದಿನದು 12ಕ್ಕೆ ಅಂದುಕೊಳ್ಳಿ. 10 ಗಂಟೆಗೆ ಬಂದ ಆರ್ಡರ್ 11ಕ್ಕೆ ಕಾಣುವುದಿಲ್ಲ. ಬ್ರೌಸರ್ ಪುಟವನ್ನು ಎಷ್ಟು ಸಲ ರೀಲೋಡ್ ಮಾಡಿದರೂ ಅಷ್ಟೇ! ಇನ್ನೊಂದು ವಿಷಯ: ಎರಡು ತಿಂಗಳು ಯಾರೂ ರಿಪೋರ್ಟ್ ತೆರೆಯದಿದ್ದರೆ ಹಾಕಿಟ್ಟ ರಿಫ್ರೆಶ್ ತಾನಾಗಿಯೇ ನಿಲ್ಲುತ್ತದೆ.

ಹಾಗಾದರೆ ಲೈವ್ ಅನ್ನೋದೇ ಇಲ್ವಾ? ಇದೆ, ಡೈರೆಕ್ಟ್ ಕ್ವೆರಿ. ಇಲ್ಲಿ ಡೇಟಾ ಇದ್ದಲ್ಲೇ ಇರುತ್ತದೆ. ನೀವು ಜಿಲ್ಲೆಯನ್ನೋ ತಿಂಗಳನ್ನೋ ಬದಲಿಸಿದಾಗೆಲ್ಲ ಹೊಸ ಎಸ್‌ಕ್ಯೂಎಲ್ ಕ್ವೆರಿಗಳು, ಅಂದರೆ ಡೇಟಾ ಕೇಳುವ ಪ್ರಶ್ನೆಗಳು, ಡೇಟಾಬೇಸಿಗೆ ಹೋಗುತ್ತವೆ. ಒಂದೇ ಸಲ ಹತ್ತಾರು ಜನ ಕ್ಲಿಕ್ಕಿಸಿದರೆ ಬಿಲ್ಲಿಂಗ್ ನಡೆಯುವ ಸರ್ವರೇ ಏದುಸಿರು ಬಿಡಬಹುದು. ಅದಕ್ಕೇ ಅಂಥ ಕಡೆ ಓದಲಿಕ್ಕೆಂದೇ ಡೇಟಾಬೇಸಿನ ಬೇರೊಂದು ಪ್ರತಿ (ರೆಪ್ಲಿಕಾ) ಇಟ್ಟುಕೊಳ್ಳುವುದು ಒಳ್ಳೆಯದು.

"ಆಫೀಸಿನ ಸರ್ವರ್ ಜೋಡಿಸಲು ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಕಾವಲು) ತೆರೆದಿಡಬೇಕು" ಅನ್ನೋದೂ ಸುಳ್ಳು. ಗೇಟ್‌ವೇ ಎಂಬ ಸಾಫ್ಟ್‌ವೇರ್ ಒಳಗಿನಿಂದ ಹೊರಕ್ಕೆ ಸಂಪರ್ಕ ಮಾಡುತ್ತದೆ, ಹೊರಗಿನಿಂದ ಒಳಬರುವ ದಾರಿ (ಪೋರ್ಟ್) ತೆರೆಯಬೇಕಿಲ್ಲ. ಆದರೆ ಅದನ್ನು ಹಾಕಿರುವ ಕಂಪ್ಯೂಟರ್ ಮಾತ್ರ ಸದಾ ಆನ್ ಇರಬೇಕು. ಯಾರದೋ ಲ್ಯಾಪ್‌ಟಾಪಿನಲ್ಲಿ ಹಾಕಿ, ಸಂಜೆ ಅವರು ಮುಚ್ಚಿಕೊಂಡು ಮನೆಗೆ ಹೋದರೆ ರಾತ್ರಿಯ ರಿಫ್ರೆಶ್ ಫೇಲ್ ಆಗುತ್ತದೆ.